ಅತ್ತೆಯ ಹೇಸಿಗೆ

ಅತ್ತೆಗೆ ಹೇಸಿಗೆಯಾದರೆ ಮೊದಲು ಮೂಗಿನ ಎಡ ಹೊಳ್ಳೆ ಮೇಲೇಳುತ್ತಿತ್ತು. ಬಲದ್ದು ಇದ್ದಲ್ಲೇ ಇರುತ್ತಿತ್ತು. ಎಡದ್ದರ ಜೊತೆಗೆ ಕೆಂಪು ಹರಳಿನ ಮೂಗುಬೊಟ್ಟೂ ಏರುತ್ತಿದ್ದದ್ದರಿಂದ ಮನೆಯ ಯಾವ ಮೂಲೆಯಲ್ಲಿದ್ದರೂ ನಮಗೆ ಗೊತ್ತಾಗುತ್ತಿತ್ತು. ಹರಳು ಮಿಂಚಿತೆಂದರೆ ನಾವೆಲ್ಲ ನಮ್ಮ ನಮ್ಮ ಕೈಕಾಲು ನೋಡಿಕೊಳ್ಳುತ್ತಿದ್ದೆವು. ಆಮೇಲೆ ಬರುತ್ತಿತ್ತು ಆ ಒಂದು ಶಬ್ದ: "ಥೂ!"

ಯಾವುದಕ್ಕೆ ಹೇಸಿಗೆ ಇಲ್ಲ ಎಂದು ಕೇಳುವುದೇ ಸುಲಭ. ಬಸ್ಸಿನ ಕಂಬಿ ಹಿಡಿಯಲು ಪ್ರತ್ಯೇಕ ಕರವಸ್ತ್ರ. ಎಂಜಲು ಬೆರಳಿನಲ್ಲಿ ಯಾರಾದರೂ ಹಾಳೆ ತಿರುಗಿಸಿದ ಪೇಪರನ್ನು ಮತ್ತೆ ಮುಟ್ಟುತ್ತಿರಲಿಲ್ಲ. ಫೋನಿಗೆ ಕಿವಿ ತಾಗಿಸುತ್ತಿರಲಿಲ್ಲ, ಒಂದು ಗೇಣು ದೂರ ಹಿಡಿದು ಕೂಗುತ್ತಿದ್ದರು. ಮದುವೆ ಮನೆಯಲ್ಲಿ ಬಫೆ ಎಂದು ಕಿವಿಗೆ ಬಿದ್ದರೆ ಹರಸಿ, ಕುಂಕುಮ ತೆಗೆದುಕೊಂಡು, ಹಸಿದುಕೊಂಡೇ ಮನೆಗೆ ಬರುತ್ತಿದ್ದರು. ಊರ ದೇವಸ್ಥಾನಕ್ಕೆ ಹೂವು ಕಟ್ಟಿ ಕೊಡುವ ಸೇವೆ ನಮ್ಮ ಮನೆಯದು. ಮೂಸಿದ ಹೂವು ದೇವರಿಗೆ ಆಗದು ಎಂಬುದು ಎಲ್ಲರಿಗೂ ಗೊತ್ತು. ಅತ್ತೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಟ್ಟುವಾಗ ತಮ್ಮ ಉಸಿರೂ ಹೂವಿಗೆ ತಾಗಬಾರದೆಂದು ಮುಖವನ್ನು ಗೋಡೆಗೆ ತಿರುಗಿಸಿ, ನೋಡದೆಯೇ ಕಟ್ಟುತ್ತಿದ್ದರು.

ನಾನು ಬಿಜೂರಿನ ಗದ್ದೆಮನೆಯವಳು. ಸೆಗಣಿ, ಗೊಬ್ಬರ, ಕೆಸರು ಎಲ್ಲದರ ಜೊತೆ ಬೆಳೆದವಳು. ಸಾಸ್ತಾನದ ಈ ಮನೆಗೆ ಮದುವೆಯಾಗಿ ಬಂದ ಮೊದಲ ವರ್ಷ ನನಗೆ ಈ ಮುದುಕಿಯನ್ನು ಕಂಡರೆ ಮೈ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ?

ಅತ್ತೆ ತೀರಿಕೊಂಡು ವರ್ಷವಾಗುತ್ತ ಬಂತು. ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಬಂದ ನೆಂಟರು ಎಲೆಯ ಮುಂದೆ ಕೂತು, "ಮಡಿ ಹುಚ್ಚ್ ಮಾರಾಯ್ರೆ ಅವ್ರಿಗೆ. ಮನ್ಷ್ರನ್ನ ಕಂಡ್ರೇ ಆತಿರ್ಲಿಲ್ಲೆ" ಎಂದು ನಗುತ್ತಿದ್ದರು. ಪಾಯಸ ಮೊಣಕೈವರೆಗೆ ಇಳಿದದ್ದನ್ನು ನಾಲಿಗೆಯಲ್ಲಿ ನೆಕ್ಕಿಕೊಳ್ಳುತ್ತ ಹೇಳಿದರು ಅದನ್ನು! ಆ ಕುದುರೆಯ ಸಂಗತಿ ಅವರಲ್ಲಿ ಒಬ್ಬರೂ ಎತ್ತಲಿಲ್ಲ. ಎತ್ತಿದರೆ ಭಾವನಿಗೆ ಬೇಜಾರಾಗುತ್ತದಲ್ಲ, ಕರ್ಮಕ್ಕೆ ಕೂತವನು ಅವನೇ ತಾನೆ. ಅದಕ್ಕಾಗಿ ನಾನೇ ಬರೆಯುತ್ತಿದ್ದೇನೆ.

ಭಾವ ಎಂದರೆ ನನ್ನ ಗಂಡನ ಅಣ್ಣ, ಅತ್ತೆಯ ಹಿರಿಮಗ. ಮುಂಬಯಿಯಲ್ಲಿ ಹೋಟೆಲು ಮಾಡಿ, ಬಿಟ್ಟು, ಊರಿಗೆ ಬಂದು ಬೈಂದೂರು ಕಡೆಯ ಒಂದು ಬೀಚಿನಲ್ಲಿ ಪ್ರವಾಸಿಗಳನ್ನು ಕುದುರೆಯ ಮೇಲೆ ಕೂರಿಸಿ ಸುತ್ತಿಸುವ ವ್ಯಾಪಾರ ಹಿಡಿದಿದ್ದ. ಲಗ್ನದ ಕಾಲದಲ್ಲಿ ಅದೇ ಕುದುರೆಗೆ ಮಖಮಲ್ಲು ಹೊದೆಸಿ ದಿಬ್ಬಣಕ್ಕೆ ಬಾಡಿಗೆಗೆ ಕೊಡುತ್ತಿದ್ದ. ನಮ್ಮ ಕಡೆ ಮದುಮಗ ಕುದುರೆ ಹತ್ತುವ ಕ್ರಮ ಯಾವ ಕಾಲದಲ್ಲಿತ್ತು? ಟೀವಿಯಲ್ಲಿ ಕಂಡದ್ದೆಲ್ಲ ಈಗ ನಮ್ಮ ಸಂಪ್ರದಾಯ. ಅವನಿಗೆ ಬಹುವಚನ ಕೊಡುವ ಅಭ್ಯಾಸ ನನಗೆ ತಪ್ಪಿಹೋಗಿದೆ, ಓದುವವರು ಕ್ಷಮಿಸಬೇಕು.

ಮಳೆಗಾಲ ಹಿಡಿಯುವ ಮೊದಲು ಒಂದು ಬೆಳಿಗ್ಗೆ ಟೆಂಪೋದಲ್ಲಿ ಕುದುರೆಯನ್ನು ತಂದು ಅಂಗಳದಲ್ಲಿ ಇಳಿಸಿದ. "ನಾಲ್ಕ್ ದಿನ ಅಷ್ಟೇ ಅಮ್ಮ. ಮಳಿಗಾಲ್ಕೆ ಬೀಚ್ ಬಂದ್ ಆತ್ತಲೆ, ಕಟ್ಟುಕೆ ಜಾಗ ಇಲ್ಲೆ" ಎಂದ. ಕಾಫಿಯನ್ನೂ ಕುಡಿಯದೆ ಟೆಂಪೋ ಹತ್ತಿದ. ಕುದುರೆಗೆ ಕಾಯಿಲೆ ಎಂದು ಒಂದು ಮಾತೂ ಆಡಲಿಲ್ಲ.

ಕುದುರೆ ಎಂದರೆ ಕ್ಯಾಲೆಂಡರಿನ ಕುದುರೆಯಲ್ಲ. ಎತ್ತರ ಕಡಿಮೆ, ಎದೆ ಅಗಲ, ಕಾಲು ಒರಳುಕಲ್ಲಿನಷ್ಟು ದಪ್ಪ, ಗೊರಸಿನ ಮೇಲೆ ಉದ್ದ ಕೂದಲು. ಈ ನಮೂನೆಗೆ ಕಾಬ್ ಎನ್ನುತ್ತಾರೆ ಎಂದು ಆಮೇಲೆ ದನದ ಡಾಕ್ಟರು ಹೇಳಿದರು. ಎಲ್ಲಿಯೋ ಸವಾರಿ ಕಲಿಸುವ ಶಾಲೆಯಲ್ಲಿ ದುಡಿದು, ಮುದಿಯಾಗಿ, ಕೈಯಿಂದ ಕೈಗೆ ದಾಟಿ ಇಲ್ಲಿಗೆ ಬಂದಿತ್ತು. ಟೆಂಪೋ ಗೇಟು ದಾಟುವಾಗಲೇ ಅದು ಕುತ್ತಿಗೆ ಚಾಚಿ ಕೆಮ್ಮಿತು. ಅತ್ತೆ ಆಗಷ್ಟೇ ತೊಳೆದ ಅಂಗಳಕ್ಕೆ ಹಳದಿ ಗೊಣ್ಣೆ ಒಂದು ಮೊಳ ಉದ್ದ ಜೋತು ಬಿತ್ತು.

"ಥೂ! ಎಂತ ಕರ್ಮ ಮಾರಾಯ್ತಿ ಇದ್" ಎಂದರು ಅತ್ತೆ.

ಆದರೂ ಮನೆಗೆ ಬಂದ ಪ್ರಾಣಿ. ದನ ಸಾಕುವುದು ನಿಂತು ಹಾಳುಬಿದ್ದಿದ್ದ ಹಟ್ಟಿಯನ್ನು ಅವರೇ ತಿಕ್ಕಿ ತೊಳೆದರು. ಅಟ್ಟದ ಮೇಲಿನ ಬೈಹುಲ್ಲು ಕೆಡವಿ ಮಂಚದ ಹಾಸಿಗೆಯಂತೆ ದಪ್ಪಗೆ ಹಾಸಿದರು. ಹೊತ್ತು ಮುಳುಗುವಾಗ ಹಟ್ಟಿಗೆ ಹೊಗೆ ಹಾಕದ ಮನೆ ನಮ್ಮ ಕಡೆ ಉಂಟೇ? ಸೊಳ್ಳೆ ಕಚ್ಚಬಾರದೆಂದು ತೆಂಗಿನ ಸಿಪ್ಪೆ, ಮೇಲೆ ಹಸಿ ಸೊಪ್ಪು ಹಾಕಿ ಮಡಕೆ ತುಂಬ ಹೊಗೆಯಿಟ್ಟು ಬಾಗಿಲು ಎಳೆದರು. ದಿನಕ್ಕೆ ಎರಡು ಸಲ ಗುಡಿಸಿದರು. ಕೆಮ್ಮು ಹೆಚ್ಚಾಯಿತು. ಥಂಡಿಯಿರಬೇಕೆಂದು ಇನ್ನಷ್ಟು ಹೊಗೆ ಹಾಕಿದರು, ಇನ್ನಷ್ಟು ಒಣಹುಲ್ಲು ಹಾಸಿದರು. ಒಂದು ವಾರದಲ್ಲಿ ಕುದುರೆ ಮೇವು ಬಿಟ್ಟಿತು. ಒಂದು ಉಸಿರು ಹೊರಹಾಕಲು ಹೊಟ್ಟೆಯನ್ನು ಎರಡೆರಡು ಸಲ ಒತ್ತುತ್ತಿತ್ತು. ಪಕ್ಕೆಯ ಕೆಳಗೆ ಗೆರೆ ಎಳೆದಂತೆ ಸ್ನಾಯು ಬಿಗಿದು ನಿಂತಿತ್ತು.

ಡಾಕ್ಟರು ಬಂದದ್ದು ಸಂಜೆ, ಹೊಗೆ ಹಾಕುವ ಹೊತ್ತಿಗೇ. ಗಟ್ಟಿಗಿತ್ತಿ ಹೆಂಗಸು. ಹೆಲ್ಮೆಟ್ಟನ್ನೂ ತೆಗೆಯದೆ ಹಟ್ಟಿಗೆ ನುಗ್ಗಿ ಮೊದಲು ಹೊಗೆಮಡಕೆಯನ್ನು ಎತ್ತಿ ಹೊರಗಿಟ್ಟರು. ಆಮೇಲೆ ಪಕ್ಕೆಗೆ ಕೊಳವೆ ಇಟ್ಟು ಬಹಳ ಹೊತ್ತು ಆಲಿಸಿದರು.

"ಅಮ್ಮ, ಇದ್ಕೆ ದಮ್ಮ್. ಮನ್ಷ್ರಿಗೆ ಬಪ್ಪ ಹಾಂಗೆ. ಹೊಗಿ ಬ್ಯಾಡ, ಧೂಳ್ ಬ್ಯಾಡ. ಹುಲ್ಲ್ ನೀರಂಗ್ ನೆನ್ಸಿ ಕೊಡಿ, ನೆಲದ್ ಮೇಲೇ ಇಡಿ. ತಲಿ ತಗ್ಸಿ ತಿಂದ್ರೆ ಗೊಣ್ಣಿ ಇಳಿತ್ತ್. ಹತ್ರ ಹಿಡಿಸೂಡಿ ತರ್ಬ್ಯಾಡಿ."

"ಗುಡ್ಸುದೇ ಬ್ಯಾಡ್ದಾ?" ಎಂದರು ಅತ್ತೆ. ದೇವರಿಗೆ ದೀಪ ಹಚ್ಚಬೇಡ ಎಂದು ಹೇಳಿದ್ದರೂ ಅವರ ಮುಖ ಅಷ್ಟು ಇಳಿಯುತ್ತಿರಲಿಲ್ಲ. ಕುದುರೆಯ ಕಡೆ ನೋಡಿ ಕೇಳಿದರು, "ಗುಣ ಆತ್ತಾ?"

"ಪೂರಾ ಗುಣ ಆತಿಲ್ಲೆ. ಸಮಾ ಕಂಡ್ಕಂಡ್ರೆ ಇನ್ನೂ ಸುಮಾರ್ ವರ್ಷ ಬದ್ಕತ್ತ್. ಕೆಲ್ಸ ಮಾತ್ರ ಮಾಡ್ಸುಕಾಗ. ಇನ್ನೊಂದ್ ಸಲ ಹೊಗಿಯೊಳ್ಗೆ ಸಿಕ್ಕಿ ಬಿದ್ರೆ ಹೋತ್ತ್, ಈಗ್ಲೇ ಹೇಳಿದೆ."

ಆ ರಾತ್ರಿಯೇ ನಮ್ಮ ಕಾರು ಶೆಡ್ಡಿನಿಂದ ಹೊರಬಿತ್ತು. ಮೂರು ಕಡೆ ಗೋಡೆಯಿಲ್ಲದ, ಗಾಳಿಯಾಡುವ ಜಾಗ ಮನೆಯಲ್ಲಿ ಅದೊಂದೇ. ಕಾರು ಮಳೆಗೆ ನೆನೆಯುತ್ತದೆ ಎಂದು ನನ್ನವರು ಗೊಣಗಿದರು. "ಕಾರಿಗೆ ದಮ್ಮ್ ಇತ್ತಾ?" ಎಂದು ಕೇಳಿದರು ಅತ್ತೆ.

ಅಲ್ಲಿಂದ ನಾನು ಕಂಡದ್ದನ್ನು ನಾನೇ ನಂಬಲು ಕಷ್ಟ. ಬೆಳಿಗ್ಗೆ ಎದ್ದು ಮಿಂದು, ಹೂವು ಕಟ್ಟಿ, ದೇವಸ್ಥಾನಕ್ಕೆ ಕೊಟ್ಟು ಬರುವುದು ಮೊದಲು. ಬಂದವರೇ ಹಳೆಯ ಸೀರೆ ಉಟ್ಟು ಕುದುರೆಯ ಹತ್ತಿರ. ಹಂಡೆಯಲ್ಲಿ ನೆನೆಹಾಕಿದ ಹುಲ್ಲು ಲೋಳೆ ಲೋಳೆಯಾಗಿ, ಹುಳಿವಾಸನೆ ಹೊಡೆಯುತ್ತ, ಮೊಣಕೈವರೆಗೆ ನೀರಿಳಿಸುತ್ತಿತ್ತು. ಅದನ್ನು ಹಿಂಡಿ ನೆಲಕ್ಕಿಡುತ್ತಿದ್ದರು. ಗುಡಿಸುವ ಬದಲು ಹೊಳೆಮರಳು ಹಾಸಿ ಅದಕ್ಕೆ ನೀರು ಚಿಮುಕಿಸಿದರು. ಸೆಗಣಿ ಬಾಚುವ ಹಾಗೆ ಅದರ ಲದ್ದಿಯನ್ನು ಕೈಯಲ್ಲೇ ಎತ್ತಿದರು. ಕುದುರೆ ತಲೆ ತಗ್ಗಿಸಿ ತಿನ್ನುವಾಗ ಮೂಗಿನಿಂದ ಇಳಿದದ್ದನ್ನು ಕುದಿಸಿದ ಸೀರೆಯ ತುಂಡಿನಿಂದ ಒರೆಸುತ್ತಿದ್ದರು. ಒರೆಸುವಾಗ ಮುಖ ಆಚೆ, ಎಡ ಹೊಳ್ಳೆ ಮೇಲೆ, ಬಾಯಲ್ಲಿ ಒಂದೇ ಸಮನೆ "ಥೂ, ಹೇಸ್ಗಿ ಪ್ರಾಣಿ, ಥೂ, ನಿನ್ನ್ ಮೂಗಿಗೆ ಕಿಚ್ಚ್ ಹಾಕ್." ಕುದುರೆ ತೆಪ್ಪಗೆ ನಿಂತು ಮೂಗೊಡ್ಡುತ್ತಿತ್ತು.

ಭಾವ ಅದಕ್ಕೆ ಏನೋ ಬಾದಶಹನ ಹೆಸರಿಟ್ಟಿದ್ದ. ಅತ್ತೆ ಆ ಹೆಸರು ಕರೆಯಲಿಲ್ಲ. "ಹ್ವಾಯ್" ಎನ್ನುತ್ತಿದ್ದರು, ಅಷ್ಟೇ. ಅದಕ್ಕೂ ಅದೇ ಹೆಸರು ಬಾಯಿಪಾಠವಾಗಿ, ರಸ್ತೆಯಲ್ಲಿ ಯಾರು ಯಾರನ್ನು ಹ್ವಾಯ್ ಎಂದು ಕೂಗಿದರೂ ಶೆಡ್ಡಿನಲ್ಲಿ ಕಿವಿ ನಿಮಿರುತ್ತಿತ್ತು. ನಮ್ಮೂರಿನಲ್ಲಿ ದಿನಕ್ಕೆ ಎಷ್ಟು ಹ್ವಾಯ್ ಎಂದು ಹೇಳಬೇಕಾಗಿಲ್ಲ. ಪಾಪದ ಕುದುರೆಗೆ ಕಿವಿ ಇಳಿಸಲು ಪುರುಸೊತ್ತಿರಲಿಲ್ಲ.

ನಾನೊಮ್ಮೆ ಕೆಣಕಿದೆ. "ಎಂತ ಅತ್ತೆ, ಕುದ್ರಿ ಮೇಲೆ ಪ್ರೀತಿ ಬಂತಾ?"

"ಪ್ರೀತಿಯಾ? ಥೂ! ಹೇಸ್ಗಿ ಆತ್ತ್ ನಂಗೆ, ಉಂಡದ್ದ್ ಮೇಲ್ ಬತ್ತ್. ಆರೆ ಉಸ್ರ್ ಬಿಡುಕೆ ಆತಿಲ್ಲೆ ಅಂಬುದ್ ಕಣ್ಣಂಗೆ ಕಂಡ್ ಸುಮ್ನೆ ಕೂಕಂಬುಕೆ ಆತ್ತಾ ಹೆಣೆ? ಹೇಸ್ಗಿ ಬೇರೆ, ಕೆಲ್ಸ ಬೇರೆ."

ನೋಡಲು ಬರುವವರ ಕಾಟ ಇನ್ನೊಂದು. ಕುದುರೆ ಕಂಡರೆ ಕಾಲು ನೋವು ಎನ್ನುವ ಗಾದೆ ಸುಳ್ಳಲ್ಲ, ಬಂದವರಿಗೆಲ್ಲ ಒಮ್ಮೆ ಹತ್ತಬೇಕು. ಹತ್ತದವರಿಗೆ ಲಾಳ ಬೇಕು. ಬಾಗಿಲಿಗೆ ಲಾಳ ಹೊಡೆದರೆ ಮನೆಗೆ ಒಳ್ಳೆಯದಂತೆ. ಆಚೆಮನೆಯ ಒಬ್ಬರು, ಕುದುರೆ ಏದುಸಿರು ಬಿಡುತ್ತಿದ್ದ ಒಂದು ದಿನ, ಅದರ ಎದುರೇ ನಿಂತು, "ಇದ್ ಹೋದ್ ಮೇಲೆ ನಮ್ಗೊಂದ್ ಲಾಳ ತೆಗ್ದಿಡಿ ಅಕ್ಕಾ" ಎಂದರು. "ಎಂತಕೆ, ನಿಮ್ಮ್ ಕಾಲಿಗಾ?" ಎಂದು ಕೇಳಿದರು ಅತ್ತೆ. ಅವರು ಹೋದ ಮೇಲೆ ಅವರು ಒರಗಿದ್ದ ಕಂಬಕ್ಕೆ ನೀರು ಹೊಯ್ದರು.

ಮಳೆ ಮುಗಿಯಿತು. ಕುದುರೆ ಚೇತರಿಸಿತು. ಕೆಮ್ಮು ಬೆಳಿಗ್ಗೆ ಒಂದೆರಡು ಸಲ ಮಾತ್ರ. ಗದ್ದೆ ಅಂಚಿನ ಹಸಿಹುಲ್ಲು, ನೆನೆಸಿದ ಹುರುಳಿ ತಿಂದು ಮೈ ಮಿರುಗತೊಡಗಿತು. ದೀಪಾವಳಿ ಕಳೆದು ಲಗ್ನಗಳು ಶುರುವಾದದ್ದೇ ತಡ, ನಾಲ್ಕು ದಿನಕ್ಕೆಂದು ಬಿಟ್ಟು ಹೋದವನು ಬಿಳಿ ಅಂಗಿ ಹಾಕಿಕೊಂಡು ಹಾಜರಾದ. ಅಷ್ಟು ತಿಂಗಳಲ್ಲಿ ಬದುಕಿದೆಯಾ ಸತ್ತಿದೆಯಾ ಎಂದು ಕೇಳಲು ಒಂದು ಫೋನು ಮಾಡಿದವನಲ್ಲ.

"ಒಳ್ಳೆ ತಯಾರಾಯ್ತಲೆ ಅಮ್ಮ! ಬಪ್ಪ ವಾರ ಒಂದ್ ಮದಿ ಇತ್ತ್. ಒಂದೇ ಗಂಟಿ ಕೆಲ್ಸ."

"ಬ್ಯಾಡ. ಡಾಕ್ಟ್ರು ಬ್ಯಾಡ ಅಂದಿರ್. ಹೊಗಿ ಧೂಳ್ ತಾಗ್ರೆ ಸಾಯತ್ತ್ ಅದ್."

"ಮದಿಯಂಗೆ ಎಂತ ಹೊಗಿ ಅಮ್ಮ, ಬರೀ ವಾಲಗ. ಮೊದ್ಲೇ ಒಂದ್ ಇಂಜೆಕ್ಷನ್ ಹಾಕ್ಸಿ ಕರ್ಕಂಡ್ ಹೋತೆ."

"ಬ್ಯಾಡ ಅಂದೆ."

"ಕುದ್ರಿ ನಂದಲ್ದಾ?" ಎಂದ ಅವನು, ದನಿ ಏರಿಸಿ.

"ಕುದ್ರಿ ನಿಂದೇ. ಗೊಣ್ಣಿ ಮಾತ್ರ ನಂದಾ?" ಎಂದರು ಅತ್ತೆ.

ಮುಖಕ್ಕೆ ಮಂಗಳಾರತಿ ಆಯಿತು, ಇನ್ನು ಬರಲಿಕ್ಕಿಲ್ಲ ಎಂದುಕೊಂಡೆವು. ಮುಂದಿನ ವಾರ ಅತ್ತೆ ಹೂವು ಕೊಡಲು ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ಟೆಂಪೋ ತಂದ. ಹೆತ್ತ ತಾಯಿ ದೇವರ ಕೆಲಸಕ್ಕೆ ಹೋದ ಹೊತ್ತು! ನಾನು ಕೋಟದ ಶಾಲೆಯಲ್ಲಿ ಆಫೀಸಿನ ಕೆಲಸದಲ್ಲಿದ್ದೆ. ಫೋನು ಬಂತು. ಅತ್ತೆ ಕೂಗುತ್ತಿರಲಿಲ್ಲ, ಹಾಗಾಗಿ ಅವರು ಫೋನನ್ನು ಕಿವಿಗೇ ಹಿಡಿದಿದ್ದಾರೆಂದು ಗೊತ್ತಾಯಿತು. "ಹೆಣೆ, ಕುದ್ರಿ ಇಲ್ಲೆ. ರಿಕ್ಷಾ ಮಾಡ್ಕಂಡ್ ಬಾ" ಎಂದರು.

ಮನೆಯ ಗೇಟಿನಲ್ಲೇ ಅತ್ತೆಯನ್ನು ಹತ್ತಿಸಿಕೊಂಡೆ. ರಿಕ್ಷಾದವನಿಗೆ ಊರಿನ ಮದುವೆಗಳೆಲ್ಲ ಗೊತ್ತು. ಟೋಲ್ ಗೇಟು ದಾಟಿ ಸ್ವಲ್ಪ ಮುಂದಿರುವ ಒಂದು ಸಭಾಭವನದ ಎದುರು ನಮ್ಮನ್ನು ಇಳಿಸಿದ. ದಿಬ್ಬಣ ರಸ್ತೆಯಲ್ಲಿತ್ತು. ಮದುಮಗನ ಗೆಳೆಯರ ಕೈಯಲ್ಲಿ ಬಣ್ಣದ ಹೊಗೆ ಉಗುಳುವ ಡಬ್ಬಿಗಳು, ಗುಲಾಬಿ, ನೀಲಿ, ಹಳದಿ. ದ್ವಾರದ ಬಳಿ ಒಂದು ಮಿಷನ್ನು ಬಿಳಿ ಹೊಗೆಯನ್ನು ನೆಲದ ಮೇಲೆ ಸುರಿಯುತ್ತಿತ್ತು, ಮದುಮಗ ಮೋಡದ ಮೇಲೆ ಬಂದಂತೆ ಕಾಣಬೇಕಂತೆ. ನನ್ನ ಗಂಟಲೇ ಕೆರೆಯಿತು. ಅದರ ನಡುವೆ ಆ ಮುದಿ ಕುದುರೆ, ಕುತ್ತಿಗೆ ಮುಂದಕ್ಕೆ ಚಾಚಿ, ಹೊಳ್ಳೆ ಹರಿಯುವಷ್ಟು ಅಗಲಿಸಿ, ಹೊಟ್ಟೆಯನ್ನು ಎರಡೆರಡು ಸಲ ಒತ್ತುತ್ತ, ನಿಲ್ಲಲಾಗದೆ ಅತ್ತಿತ್ತ ತೂಗುತ್ತಿತ್ತು.

"ಕುದ್ರಿ ಕುಣಿತ್ತ್ ಕಾಣಿ! ಕುಣಿತ್ತ್ ಕಾಣಿ!" ಎಂದು ಜನ ಮೊಬೈಲು ಎತ್ತಿ ವಿಡಿಯೋ ಮಾಡುತ್ತಿದ್ದರು.

ಅತ್ತೆ ನೇರ ಹೊಗೆಯೊಳಗೆ ನಡೆದರು. ಮೈಮೇಲೆ ದೇವಸ್ಥಾನಕ್ಕೆ ಉಟ್ಟಿದ್ದ ಮಡಿಸೀರೆ. ಅಭ್ಯಾಸಬಲದಿಂದ ಸೆರಗನ್ನು ಮೂಗಿಗೆ ಒತ್ತಿಕೊಂಡರು. ಮತ್ತೆ ಅದನ್ನೇ ತೆಗೆದು ಕುದುರೆಯ ಮೂಗು ಒರೆಸಿದರು. ತಲೆಯೆತ್ತಿ ಮೇಲೆ ಕೂತವನಿಗೆ ಹೇಳಿದರು.

"ಇಳಿ ಮಗಾ. ನಿನ್ನ್ ಮದಿ ಚಂದ ಆಯ್ಲಿ. ಇದ್ರ್ ಜೀಂವ ಹೋತಾ ಇತ್ತ್, ಇಳಿ."

ಆ ಮದುಮಗ ಪುಣ್ಯಾತ್ಮ, ಇಳಿದ. ಇಳಿದು ತಾನೇ ಕೂಗಿ ಹೊಗೆ ನಿಲ್ಲಿಸಿದ. ಆದರೆ ಸುತ್ತಲಿದ್ದ ದೊಡ್ಡವರಿಗೆ ಸಿಟ್ಟು. ದಿಬ್ಬಣ ತಡೆದದ್ದು ಅಪಶಕುನ ಎಂದರು ಒಬ್ಬರು. ಭಾವ ಹಲ್ಲು ಕಚ್ಚಿಕೊಂಡು, "ಅಮ್ಮ, ಮರ್ಯಾದಿ ತೆಗಿಬ್ಯಾಡ, ಮನಿಗ್ ಹೋಗ್" ಎನ್ನುತ್ತ ಹತ್ತಿರ ಬಂದ. ಆಗ ಕುದುರೆ ಕೆಮ್ಮಿತು. ಅವನ ಬಿಳಿ ಅಂಗಿಯ ಮೇಲೆ, ಪಕ್ಕದವರ ರೇಷ್ಮೆಯ ಮೇಲೆ ಗೊಣ್ಣೆ ಸಿಡಿಯಿತು. "ಶೀ! ಶೀ!" ಎಂದು ಜನ ಹಿಂದೆ ಹಾರಿದರು. ಅಲ್ಲಿಯವರೆಗೆ ಯಾರ ಬಾಯಲ್ಲೂ ಆ ಶಬ್ದ ಇರಲಿಲ್ಲ. ಒಂದು ಜೀವ ಉಸಿರುಗಟ್ಟಿ ಒದ್ದಾಡುವುದನ್ನು ಕುಣಿತ ಎಂದು ನೋಡಿದವರಿಗೆ ಹೇಸಿಗೆಯಾದದ್ದು ಅಂಗಿಗೆ ಹತ್ತಿದ ಗೊಣ್ಣೆಗೆ. ನನಗೆ ಅವತ್ತು ಆ ಇಡೀ ಜನಸ್ತೋಮದ ಮೇಲೆ ಬಂದ ವಾಕರಿಕೆ ಇವತ್ತಿಗೂ ಇಳಿದಿಲ್ಲ.

ಟೆಂಪೋ ಹತ್ತಿಸಲು ಆಗಲಿಲ್ಲ. ಅತ್ತೆ ಮಖಮಲ್ಲನ್ನು ಕಿತ್ತು ರಸ್ತೆಗೆ ಹಾಕಿ, ಹಗ್ಗ ಹಿಡಿದು ನಡೆಸಿದರು. ಹತ್ತು ಹೆಜ್ಜೆ ನಡೆದು ನಿಲ್ಲುವುದು, ಮತ್ತೆ ನಡೆಯುವುದು. ಟೋಲಿನಲ್ಲಿ ಕಾರುಗಳು ಹಾರ್ನು ಹಾಕಿದವು. ಅಲ್ಲಿನ ಕೆಲಸದವರೇ ಅಂಚಿನ ದಾರಿ ತೆರೆದು, ಒಬ್ಬಾಕೆ ಬಕೆಟಿನಲ್ಲಿ ನೀರು ತಂದುಕೊಟ್ಟಳು. ಮನೆ ಮುಟ್ಟಿದಾಗ ಮಧ್ಯಾಹ್ನ ಮುಗಿದಿತ್ತು. ಡಾಕ್ಟರು ಬಂದರು, ಇಂಜೆಕ್ಷನ್ ಕೊಟ್ಟರು, ಮೂಗಿಗೆ ಔಷಧಿಯ ಹಬೆ ಹಿಡಿದರು. ಮರುದಿನ ಬೆಳಿಗ್ಗೆ ಕುದುರೆ ಮಲಗಿತು. ಅವತ್ತು ಅತ್ತೆ ಹೂವು ಕಟ್ಟಲಿಲ್ಲ, ದೇವಸ್ಥಾನಕ್ಕೆ ಹೇಳಿ ಕಳಿಸಿದರು. ಒದ್ದೆ ಮರಳಿನ ಮೇಲೆ ಅದರ ತಲೆಯ ಹತ್ತಿರ ಕೂತು ಬರಿಗೈಯಲ್ಲಿ ಮೂಗು ಒರೆಸುತ್ತಿದ್ದರು, ಬಟ್ಟೆಯಿಲ್ಲ, ಥೂ ಇಲ್ಲ. "ಹ್ವಾಯ್" ಎಂದರು. ಕಿವಿ ಅಲುಗಿತು. ಇನ್ನೊಮ್ಮೆ "ಹ್ವಾಯ್" ಎಂದಾಗ ಅಲುಗಲಿಲ್ಲ.

ಜೆಸಿಬಿ ತರಿಸಿ ತೆಂಗಿನ ತೋಟದಲ್ಲಿ ಹೂಳಿದೆವು. ಬಿಸಿನೀರು ಕಾಯಿಸಿ, ಮೀಯಿರಿ ಎಂದೆ. "ಎಂತಕೆ?" ಎಂದರು. ಕಾಗೆ ಮೈ ಸೋಕಿದರೆ ಮೀಯುವ ಹೆಂಗಸು! ಕೈಮೇಲೆ ಗೊಣ್ಣೆ ಒಣಗಿ ಬೆಳ್ಳಗಾಗಿತ್ತು. ಆ ಕೈಯಲ್ಲೇ ಲೋಟ ಹಿಡಿದು ಕಾಫಿ ಕುಡಿದರು. ಜಗಲಿಯ ಮೇಲೆ ಹಾಗೆಯೇ ಕೂತಿದ್ದರು.

ಸಂಜೆಗೆ ಭಾವ ಬಂದ. ಅಂಗಿ ಬದಲಾಗಿತ್ತು. ಅಳುತ್ತಿದ್ದ, ನಾಟಕವಿರಲಿಕ್ಕಿಲ್ಲ. "ತಪ್ಪಾಯ್ತ್ ಅಮ್ಮ" ಎಂದು ಬಗ್ಗಿ ಎರಡೂ ಕೈಯಲ್ಲಿ ಕಾಲು ಹಿಡಿದ. ಅತ್ತೆ ಕಾಲು ಎಳೆದುಕೊಳ್ಳಲಿಲ್ಲ. ಅವನು ಕೈ ಬಿಡುವವರೆಗೆ ಕಾದರು. ಬಿಟ್ಟ ಮೇಲೆ ಎದ್ದು, ಮೆಟ್ಟಿಲಿಳಿದು, ಬಾವಿಕಟ್ಟೆಗೆ ಹೋಗಿ, ಒಂದು ಕೊಡ ತಣ್ಣೀರು ಸೇದಿ ಉಟ್ಟ ಸೀರೆಯಲ್ಲೇ ತಲೆಯ ಮೇಲೆ ಸುರಿದುಕೊಂಡರು. ಇನ್ನೊಂದು ಕೊಡ ಸೇದಿ ಸುರಿದುಕೊಂಡರು. ಭಾವ ಜಗಲಿಯ ಕೆಳಗೆ ನಿಂತು ಎಲ್ಲವನ್ನೂ ನೋಡುತ್ತಿದ್ದ.

ನಾನು ಬೈರಾಸು ತೆಗೆದುಕೊಂಡು ಓಡಿದೆ. ತಲೆ ಒರೆಸಿಕೊಳ್ಳುತ್ತ, ಅವನಿಗೂ ಕೇಳುವ ಹಾಗೆ ಅತ್ತೆ ಹೇಳಿದರು, "ಎಲಿ ಹಾಕ್ ಹೆಣೆ. ಅಂವ ಹಸ್ದಿರ್ತ. ಉಂಡ್ಕಂಡ್ ಹೋಯ್ಲಿ."

ಎಲೆ ಹಾಕಿದೆ. ಭಾವ ತಲೆ ತಗ್ಗಿಸಿ ಕೂತ. ಬಿಜೂರಿನವಳಾದ ನಾನು ಅಲ್ಲಿಯವರೆಗೆ ಉಣ್ಣಲು ಕೂತ ಯಾರಿಗೂ ಹಾಗೆ ಮಾಡಿದವಳಲ್ಲ. ಅನ್ನದ ಸೌಟು ಅವನ ಎಲೆಗೆ ತಾಗದಂತೆ, ಒಂದು ಮೊಳ ಎತ್ತರದಿಂದ ಬಡಿಸಿದೆ.